ಪುಟ್ಟ ದ್ವೀಪಕ್ಕೆ ಸಮುದ್ರನೀರಿನ ಆರ್‌ಓ ಯಂತ್ರ: ಯಾವುದು ಕೊಳ್ಳಬೇಕು, ಎಲ್ಲಿ ಕೆಡುತ್ತದೆ

ಆರ್‌ಓ (ರಿವರ್ಸ್ ಆಸ್ಮೋಸಿಸ್) ಯಂತ್ರ ಎಂದರೆ ಸಮುದ್ರದ ನೀರನ್ನು ಒತ್ತಡದಿಂದ ತೆಳು ಪೊರೆಯ ಮೂಲಕ ದಾಟಿಸಿ ಉಪ್ಪು ಬೇರ್ಪಡಿಸುವ ಯಂತ್ರ. ಒತ್ತಡವನ್ನು ಮರಳಿ ಬಳಸುವ ಪಂಪ್ ಇರುವುದನ್ನೇ ಕೊಳ್ಳಿ. ಅದಿಲ್ಲದ್ದು ಅರ್ಧ ಬೆಲೆಗೆ ಸಿಕ್ಕರೂ ಬೇಡ.

ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದರಿಂದ ಸಿಹಿನೀರು ತೆಗೆಯಲು ಮೆಂಬ್ರೇನ್ (ಆ ಪೊರೆ) ಮೇಲೆ 55-60 ಬಾರ್ ಒತ್ತಡ ಬೇಕು (ಒಂದು ಬಾರ್ ಎಂದರೆ ಸುಮಾರಾಗಿ ನಮ್ಮ ಸುತ್ತಲಿನ ಗಾಳಿಯ ಒತ್ತಡ). 100 ಲೀಟರ್ ಒತ್ತಿದರೆ ಸಿಗುವುದು 20 ಲೀಟರ್. ಉಳಿದ 80 ಲೀಟರ್ ಹೆಚ್ಚುಕಡಿಮೆ ಅದೇ ಒತ್ತಡದಲ್ಲಿ ಹೊರಬೀಳುತ್ತದೆ. ಸಾದಾ ಯಂತ್ರ ಆ ಶಕ್ತಿಯನ್ನು ವಾಲ್ವ್‌ನಲ್ಲಿ ಕಳೆದುಬಿಡುತ್ತದೆ. ಮರುಬಳಕೆಯ ಪಂಪ್ ಅದರಿಂದಲೇ ಒಳಬರುವ ನೀರನ್ನು ತಳ್ಳುತ್ತದೆ. 1,000 ಲೀಟರಿಗೆ ಮೊದಲನೆಯದು 11-12 ಯೂನಿಟ್ ವಿದ್ಯುತ್ ತಿಂದರೆ, ಎರಡನೆಯದು ನಾಲ್ಕೈದು ಯೂನಿಟ್‌ನಲ್ಲಿ ಮುಗಿಸುತ್ತದೆ. ಸೋಲಾರ್ ಮೇಲೆ ಬದುಕುವ ದ್ವೀಪಕ್ಕೆ ಈ ಅಂತರವೇ ನಿರ್ಣಾಯಕ.

20 ಜನರಿಗೆ ತಲಾ 50 ಲೀಟರ್ ಎಂದರೆ ದಿನಕ್ಕೆ 1,000 ಲೀಟರ್. ಗಂಟೆಗೆ 200 ಲೀಟರಿನ ಯಂತ್ರವನ್ನು ಬಿಸಿಲಿರುವ ಐದು ಗಂಟೆ ಓಡಿಸಿ, ನೀರನ್ನು ಟ್ಯಾಂಕಿನಲ್ಲಿಡಿ. ರಾತ್ರಿಗೆಂದು ಬ್ಯಾಟರಿ ಹೆಚ್ಚಿಸುವುದಕ್ಕಿಂತ ಇದು ಅಗ್ಗ. ದೊಡ್ಡದು ಕೊಂಡು ವಾರಕ್ಕೊಮ್ಮೆ ಓಡಿಸುವ ಆಲೋಚನೆ ಬಿಡಿ. ನಿಂತ ನೀರಿನಲ್ಲಿ ಜೀವಾಣುಗಳು ಬೆಳೆದು ಮೆಂಬ್ರೇನ್ ಕಟ್ಟಿಕೊಳ್ಳುತ್ತದೆ.

ಯಂತ್ರದ ಆಯುಸ್ಸು ನಿರ್ಧಾರವಾಗುವುದು ನೀರೆತ್ತುವ ಜಾಗದಲ್ಲಿ. ನೇರ ಸಮುದ್ರದಿಂದ ಎಳೆದರೆ ಪಾಚಿ, ಸೂಕ್ಷ್ಮಜೀವಿಗಳು ಬಂದು ಮೆಂಬ್ರೇನಿಗೆ ಮುಂಚೆ ಕಸ ಸೋಸುವ 20 ಮತ್ತು 5 ಮೈಕ್ರಾನ್ ಕಾರ್ಟ್ರಿಜ್‌ಗಳು (ಬದಲಿಸಬಹುದಾದ ಫಿಲ್ಟರ್‌ಗಳು) ಬೇಗ ಕಟ್ಟುತ್ತವೆ. ಆಗ ಪಂಪಿಗೆ ನೀರು ಸಾಲದೆ ಸದ್ದು ಮಾಡುತ್ತದೆ, ಹಾಗೇ ಓಡಿಸಿದರೆ ಸವೆಯುತ್ತದೆ. ದೋಣಿ ನಿಲ್ಲುವ ಕಡೆಯಂತೂ ಬೇಡವೇ ಬೇಡ, ಡೀಸೆಲ್ ಪದರ ಮೆಂಬ್ರೇನಿಗೆ ಅಂಟಿದರೆ ತೊಳೆದು ಹೋಗುವುದು ಕಷ್ಟ. ದಡದ ಮರಳಿನಲ್ಲಿ ತೋಡಿದ ಬಾವಿ ಒಳ್ಳೆಯದು, ಮರಳೇ ಸೋಸಿಕೊಡುತ್ತದೆ. ಆದರೆ ಮೊದಲು ಕಬ್ಬಿಣದಂಶ ಪರೀಕ್ಷಿಸಿ: ಗಾಳಿ ತಾಗದ ನೀರಲ್ಲಿ ಕರಗಿರುವ ಕಬ್ಬಿಣ ಗಾಳಿ ತಾಗಿದೊಡನೆ ತುಕ್ಕಾಗಿ ಕೂರುತ್ತದೆ. ದ್ವೀಪದ ನೆಲದಡಿಯ ಸಿಹಿನೀರಿನ ಪದರವನ್ನು ಈ ಬಾವಿ ಮುಟ್ಟಲೂಬಾರದು.

ಪ್ರತಿ ಸಲ ನಿಲ್ಲಿಸಿದ ಮೇಲೆ ಯಂತ್ರವೇ ಮಾಡಿದ ಸಿಹಿನೀರಿನಿಂದ ಒಳಗೆಲ್ಲ ತೊಳೆಯಬೇಕು. ಕ್ಲೋರಿನ್ ಹಾಕಿದ ಟ್ಯಾಂಕಿನ ನೀರಾದರೆ ನಡುವೆ ಇದ್ದಿಲಿನ ಫಿಲ್ಟರ್ ಕಡ್ಡಾಯ. ಕ್ಲೋರಿನ್ ಮೆಂಬ್ರೇನಿನ ತೆಳುಪದರವನ್ನು ಕೆಡಿಸಿದರೆ ಅದು ಸರಿಹೋಗದು. ವಾರಗಟ್ಟಲೆ ನಿಲ್ಲಿಸುವುದಿದ್ದರೆ ಜೀವಾಣು ಬೆಳೆಯದಂತೆ ತಡೆಯುವ 1% ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ತುಂಬಿಡಿ. ಮತ್ತೆ ಶುರು ಮಾಡಿದಾಗಿನ ಮೊದಲ ನೀರನ್ನು ಚೆಲ್ಲಿಬಿಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ತೊಳೆಯುವುದರಲ್ಲಿ ಲೋಪವಾಗಿದೆ ಎಂದರ್ಥ.

ಒತ್ತಡ ನಿಧಾನ ಏರಿಸಿ. ನೀರು ಬೆಚ್ಚಗಾದಷ್ಟೂ ಇಳುವರಿ ಏರುತ್ತದೆ, ಡಿಗ್ರಿಗೆ ಸುಮಾರು 3%. ಆಗ ಒತ್ತಡ ತಗ್ಗಿಸಬೇಕು, ಹೆಚ್ಚು ಬಂತೆಂದು ಹಿಗ್ಗಬಾರದು. ಟಿಡಿಎಸ್ (ನೀರಲ್ಲಿ ಕರಗಿದ ಲವಣಾಂಶ) ಲೀಟರಿಗೆ 500 ಮಿ.ಗ್ರಾಂ. ದಾಟಿದ ನೀರು ಟ್ಯಾಂಕಿಗೆ ಬೇಡ. ಟಿಡಿಎಸ್ ಒಮ್ಮೆಲೇ ಜಿಗಿದರೆ ಓ-ರಿಂಗ್ (ಜೋಡಣೆ ಸೋರದಂತೆ ತಡೆಯುವ ರಬ್ಬರ್ ಉಂಗುರ) ನೋಡಿ. ತಿಂಗಳುಗಟ್ಟಲೆ ಮೆಲ್ಲಗೆ ಏರಿದರೆ ಮೆಂಬ್ರೇನಿಗೆ ವಯಸ್ಸಾಗಿದೆ. ಕುಡಿಯುವ ನಲ್ಲಿಗೆ ಕ್ಯಾಲ್ಸೈಟ್ (ಸುಣ್ಣದ ಖನಿಜ) ಫಿಲ್ಟರ್ ಸೇರಿಸಿದರೆ ರುಚಿಯೂ ಸುಧಾರಿಸುತ್ತದೆ, ಪೈಪೂ ಬಾಳುತ್ತದೆ.

ಹೊರಬೀಳುವ ನೀರಿನ ಉಪ್ಪು ಲೀಟರಿಗೆ ಸುಮಾರು 44 ಗ್ರಾಂ. ಇದು ಭಾರವಾದ್ದರಿಂದ ತಳಕ್ಕಿಳಿಯುತ್ತದೆ. ಹವಳ, ಸಮುದ್ರಹುಲ್ಲು ಇರುವ ನಿಂತ ನೀರಿಗೆ ಬಿಡಬೇಡಿ, ಪ್ರವಾಹವಿರುವ ಕಡೆ ಬಿಡಿ.

ಅಧಿಕ ಒತ್ತಡದ ಜೋಡಣೆಗಳು ಯಾವ ಲೋಹದವು ಎಂದು ಕೇಳದೆ ಹಣ ಕೊಡಬೇಡಿ. 316 ಸ್ಟೀಲ್ ಸಂದುಗಳಲ್ಲಿ ತುಕ್ಕು ಹಿಡಿಯುತ್ತದೆ. ತುಕ್ಕನ್ನು ಹೆಚ್ಚು ತಡೆಯುವ 2507 ಡ್ಯೂಪ್ಲೆಕ್ಸ್ ಸ್ಟೀಲ್ ಕೇಳಿ. ಇಷ್ಟೆಲ್ಲ ಇದ್ದರೂ ಮೊದಲ ಖರ್ಚು ಮಳೆನೀರಿಗಿರಲಿ. 100 ಚದರ ಮೀಟರ್ ಚಾವಣಿ 10 ಮಿ.ಮೀ. ಮಳೆಗೆ, ಪೋಲು ಕಳೆದು, ಸುಮಾರು 800 ಲೀಟರ್ ಕೊಡುತ್ತದೆ. ಯಂತ್ರದ ಅಳತೆಯನ್ನು ಒಣ ತಿಂಗಳುಗಳ ಕೊರತೆ ನೋಡಿ ನಿರ್ಧರಿಸಿ. ಜೊತೆಗೆ ಒಂದು ಜೊತೆ ಓ-ರಿಂಗ್, ವರ್ಷಕ್ಕಾಗುವಷ್ಟು ಕಾರ್ಟ್ರಿಜ್, ಒಂದು ಹೆಚ್ಚುವರಿ ಫೀಡ್ ಪಂಪ್ (ಯಂತ್ರಕ್ಕೆ ಸಮುದ್ರದ ನೀರು ಪೂರೈಸುವ ಪಂಪ್) ಇರಲಿ.