ಎಎಂಟಿ ಕಾರಿನಲ್ಲಿ ಐದು ವರ್ಷ: ಪೆಡಲ್ ಹೋಯಿತು, ಕ್ಲಚ್ ಹೋಗಲಿಲ್ಲ

ಹನ್ನೊಂದು ವರ್ಷ ಮ್ಯಾನುಯಲ್ ಓಡಿಸಿ, ಎಡಮೊಣಕಾಲು ನೋಯಲು ಶುರುವಾದ ಮೇಲೆ ಎಎಂಟಿ (ಆಟೊಮೇಟೆಡ್ ಮ್ಯಾನುಯಲ್) ಕಾರು ತಗೊಂಡೆ; ಇದರಲ್ಲಿ ಕ್ಲಚ್ ಪೆಡಲ್ ಇಲ್ಲ, ಗೇರ್ ತಾನಾಗಿಯೇ ಬದಲಾಗುತ್ತದೆ. ಈಗ 62,000 ಕಿ.ಮೀ. ಆಗಿದೆ. ಟ್ರಾಫಿಕ್‌ನಲ್ಲಿ ಬ್ರೇಕ್ ಬಿಟ್ಟರೆ ಸಾಕು, ಗಾಡಿ ತಾನಾಗಿಯೇ ತೆವಳುತ್ತದೆ. ಮೊಣಕಾಲು ನೋವು ನಿಂತಿದೆ. ಇದೊಂದಕ್ಕೇ ನಾನು ಈ ಕಾರಿಗೆ ಋಣಿ.

ಆದರೆ ಕೊಳ್ಳುವಾಗ ನನಗೆ ಯಾರೂ ಬಿಡಿಸಿ ಹೇಳದ ಒಂದು ವಿಷಯವಿದೆ. ಎಎಂಟಿಯ ಒಳಗಿರುವುದು ಅದೇ ಮ್ಯಾನುಯಲ್ ಗೇರ್‌ಬಾಕ್ಸ್, ಅದೇ ಕ್ಲಚ್ ಪ್ಲೇಟ್. ಕ್ಲಚ್ ಒತ್ತಿ ಗೇರ್ ಹಾಕುವ ನಮ್ಮ ಕೈಕಾಲಿನ ಕೆಲಸವನ್ನು ಆಕ್ಚುಯೇಟರ್ ಎಂಬ ಯಂತ್ರಭಾಗ ಮಾಡುತ್ತದೆ, ಅಷ್ಟೇ. ಇನ್ನೊಂದು ಬಗೆಯ ಆಟೊಮ್ಯಾಟಿಕ್ ಆದ ಟಾರ್ಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಹೊರಡುವಾಗ ಎಂಜಿನ್ನಿನ ಬಲ ಆಯಿಲ್ ಮೂಲಕ ದಾಟುತ್ತದೆ. ಇಲ್ಲಿ ಪ್ಲೇಟ್ ಉಜ್ಜಿಕೊಂಡೇ ಗಾಡಿ ಹೊರಡಬೇಕು.

ಮೊದಲ ವರ್ಷ ಇದು ಗೊತ್ತಿರಲಿಲ್ಲ. ಒಮ್ಮೆ ಬಹುಮಹಡಿ ಪಾರ್ಕಿಂಗ್‌ನ ಏರಿನಲ್ಲಿ ಸಾಲು ನಿಂತಿತ್ತು. ಬ್ರೇಕ್ ಒತ್ತದೆ, ಆಕ್ಸಿಲರೇಟರ್ ಅನ್ನೇ ಚೂರು ಚೂರು ಒತ್ತುತ್ತಾ ಗಾಡಿ ಹಿಂದೆ ಜಾರದಂತೆ ಹಿಡಿದಿದ್ದೆ. ಎರಡು ಮೂರು ನಿಮಿಷಕ್ಕೆ ಸುಟ್ಟ ವಾಸನೆ ಬಂತು, ಡ್ಯಾಶ್‌ಬೋರ್ಡ್‌ನಲ್ಲಿ ಎಚ್ಚರಿಕೆ ದೀಪ ಹತ್ತಿತು. ಆಮೇಲೆ ಮೆಕ್ಯಾನಿಕ್ ಕೇಳಿದ್ದು ಒಂದೇ ಪ್ರಶ್ನೆ: “ಸರ್, ಮ್ಯಾನುಯಲ್‌ನಲ್ಲಿ ಹೀಗೆ ಹಾಫ್ ಕ್ಲಚ್‌ನಲ್ಲಿ ನಿಲ್ಲಿಸ್ತಿದ್ರಾ?” ಖಂಡಿತ ನಿಲ್ಲಿಸುತ್ತಿರಲಿಲ್ಲ. ಅಂದಿನಿಂದ ಏರಿನಲ್ಲಿ ನಿಂತರೆ ಬ್ರೇಕ್, ಹೊತ್ತಾದರೆ ಹ್ಯಾಂಡ್‌ಬ್ರೇಕ್. ಆದರೂ 55,000ಕ್ಕೆ ಕ್ಲಚ್ ಬದಲಿಸಬೇಕಾಯಿತು.

ಗೇರ್ ಏರುವಾಗ ಗಾಡಿ ಒಂದು ಕ್ಷಣ ಉಸಿರು ಹಿಡಿದಂತೆ ನಿಂತು ಮುಗ್ಗರಿಸುತ್ತದೆ ಎಂಬ ದೂರು ನಿಜ. ಮದ್ದು ಪಾದದಲ್ಲೇ ಇದೆ: ಗೇರ್ ಬೀಳುತ್ತದೆ ಅನ್ನಿಸಿದಾಗ ಆಕ್ಸಿಲರೇಟರ್ ಮೇಲಿನ ಭಾರ ಸ್ವಲ್ಪ ಸಡಿಲಿಸಿ. ಇಂಥ ಕ್ಷಣವನ್ನು ಕಿವಿಯಿಂದ ಹಿಡಿಯಲು ನನಗೆ ಎರಡು ತಿಂಗಳು ಬೇಕಾಯಿತು, ಈಗ ಪಕ್ಕದಲ್ಲಿ ಕೂತವರಿಗೆ ಗೊತ್ತೇ ಆಗುವುದಿಲ್ಲ. ಓವರ್‌ಟೇಕ್ ಮಾತ್ರ ಹಾಗಲ್ಲ. ಎದುರು ಲಾರಿ ಕಾಣುತ್ತಿರುವಾಗ ಗೇರ್‌ಬಾಕ್ಸ್ ಯೋಚಿಸುತ್ತಾ ಕೂತರೆ ಎದೆ ಝಲ್ಲೆನ್ನುತ್ತದೆ. ಹಾಗಾಗಿ ಲೇನ್ ಬಿಡುವ ಮೊದಲೇ ಲಿವರನ್ನು ಮ್ಯಾನುಯಲ್ ಮೋಡ್‌ಗೆ ತಳ್ಳಿ ಒಂದು ಗೇರ್ ಇಳಿಸಿಕೊಳ್ಳುತ್ತೇನೆ. ಉದ್ದ ಇಳಿಜಾರಿನಲ್ಲೂ ಅಷ್ಟೇ, ಎರಡನೇ ಗೇರಿನಲ್ಲಿ ಹಿಡಿದರೆ ಬ್ರೇಕ್ ಕಾಯುವುದಿಲ್ಲ.

ಮೈಲೇಜ್ ಹಳೆಯ ಮ್ಯಾನುಯಲ್‌ನಷ್ಟೇ ಬರುತ್ತಿದೆ.

ದಿನವೂ ಕಡಿದಾದ ಏರಿನಲ್ಲಿ ಸಾಲು ನಿಲ್ಲುವವರು ನೀವಾದರೆ, ದುಡ್ಡು ಹೆಚ್ಚಾದರೂ ಟಾರ್ಕ್ ಕನ್ವರ್ಟರ್ ತಗೊಳ್ಳಿ. ಸಮತಟ್ಟು ರಸ್ತೆಯ ಟ್ರಾಫಿಕ್‌ಗೆ ಎಎಂಟಿ ಧಾರಾಳವಾಗಿ ಸಾಕು. ನಾನಂತೂ ಮಾರುವುದಿಲ್ಲ. ತಿರುವುಗಳ ರಸ್ತೆ ಖಾಲಿ ಇರುವ ದಿನ ಮಾತ್ರ ತಮ್ಮನ ಮ್ಯಾನುಯಲ್ ಗಾಡಿಯ ಕೀ ಕೇಳಿ ಇಸ್ಕೊಳ್ಳುತ್ತೇನೆ.