ಗಾಜು ತೊಳೆಯುವ ಕೆಲಸಕ್ಕೆ ಸಜ್ಜುಗೊಳಿಸಿದ ವ್ಯಾನು: ಎಂಟು ತಿಂಗಳ ಬಳಕೆಯ ನಂತರ

ಏಣಿ, ಬಕೆಟ್ಟು, ಬಟ್ಟೆಗಳನ್ನು ವ್ಯಾನಿನ ಹಿಂಭಾಗದಲ್ಲಿ ಹೇಗೋ ತುರುಕಿಕೊಂಡು ಹಲವು ವರ್ಷ ಕಿಟಕಿ ತೊಳೆಯುವ ಕೆಲಸ ಮಾಡಿದ ಮೇಲೆ, ನೆಲದ ಮೇಲೆ ನಿಂತೇ ಉದ್ದನೆಯ ಪೋಲಿನ ತುದಿಯ ಬ್ರಷ್ಷಿಗೆ ಶುದ್ಧ ನೀರು ಹಾಯಿಸಿ ತೊಳೆಯುವ ವಿಧಾನಕ್ಕೆ ಬದಲಾಗಬೇಕೆಂದು ನಿರ್ಧರಿಸಿದೆ. ಅದಕ್ಕೆ ಬೇಕಾದ ಒಳಜೋಡಣೆಯನ್ನು ಇಂಥ ಕೆಲಸದಲ್ಲಿ ಪಳಗಿದ ಒಂದು ವರ್ಕ್‌ಶಾಪಿಗೆ ಒಪ್ಪಿಸಿದೆ. ಎಂಟು ತಿಂಗಳಿಂದ ವಾರಕ್ಕೆ ಆರು ದಿನ ಅದೇ ವ್ಯಾನಿನಲ್ಲಿ ದುಡಿಯುತ್ತಿರುವುದರಿಂದ, ಅವರ ಕೆಲಸದಲ್ಲಿ ಗಟ್ಟಿಯಾದದ್ದು ಯಾವುದು, ಕೊರತೆ ಯಾವುದು ಎಂದು ಈಗ ಖಚಿತವಾಗಿ ಹೇಳಬಲ್ಲೆ.

ನಾನು ಕೇಳಿದ್ದು 650 ಲೀಟರ್ ಟ್ಯಾಂಕು. ಅಲ್ಲಿನ ಮುಖ್ಯ ಮೆಕ್ಯಾನಿಕ್ ಒಪ್ಪಲಿಲ್ಲ. ನೋಂದಣಿ ಪತ್ರವನ್ನು ತರಿಸಿಕೊಂಡು, ಒಟ್ಟು ತೂಕದ ಮಿತಿಯಲ್ಲಿ ಖಾಲಿ ವ್ಯಾನಿನ ತೂಕ ಕಳೆದು, ನಾನು ಹೊರಬಹುದಾದ ಭಾರ 850 ಕಿಲೋ ಎಂದು ನನ್ನ ಎದುರಿಗೇ ಲೆಕ್ಕ ಹಾಕಿದರು. ಇಬ್ಬರು ಕೆಲಸಗಾರರಿಗೆ 150, ಟ್ಯಾಂಕು ಮತ್ತು ಅದರ ಉಕ್ಕಿನ ಚೌಕಟ್ಟಿಗೆ 90, ಬ್ಯಾಟರಿ, ಪಂಪು, ಫಿಲ್ಟರುಗಳಿಗೆ 60, ಪೈಪಿನ ರೀಲು, ಪೋಲು, ಏಣಿಗಳಿಗೆ 80 ಕಿಲೋ ತೆಗೆದರೆ ಉಳಿಯುವುದು 470. ಒಂದು ಲೀಟರ್ ನೀರಿಗೆ ಒಂದು ಕಿಲೋ ತೂಕವಾದ್ದರಿಂದ ನಾನು ಕೇಳಿದ ಟ್ಯಾಂಕು ತುಂಬಿದರೆ ಮಿತಿಗಿಂತ 180 ಕಿಲೋ ಹೆಚ್ಚಾಗುತ್ತಿತ್ತು. ಕೊನೆಗೆ 400 ಲೀಟರಿಗೆ ಒಪ್ಪಿದೆ. ದೊಡ್ಡ ಟ್ಯಾಂಕು ಮಾರಿದ್ದರೆ ಅವರಿಗೆ ಹೆಚ್ಚು ಹಣ ಸಿಗುತ್ತಿತ್ತು. ಹಾಗಿದ್ದೂ ಬೇಡವೆಂದು ಹೇಳಿದ್ದಕ್ಕೆ ನಾನು ಅವರಿಗೆ ಋಣಿ.

ಟ್ಯಾಂಕನ್ನು ಕೂರಿಸಿದ ರೀತಿ ಇಡೀ ಕೆಲಸದಲ್ಲಿ ಅತ್ಯುತ್ತಮವಾದದ್ದು. ಅದು ಚಾಲಕನ ಹಿಂದಿನ ಗೋಡೆಗೆ ಒತ್ತಿಕೊಂಡು, ಹಿಂದಿನ ಆಕ್ಸಲ್ಲಿಗಿಂತ ಮುಂದೆ ಇದೆ; ಒಳಗೆ ಅಡ್ಡತಡಿಕೆಗಳಿರುವುದರಿಂದ ಅರ್ಧ ಖಾಲಿಯಾದಾಗಲೂ ನೀರು ಒಂದೇ ಕಡೆಗೆ ನುಗ್ಗುವುದಿಲ್ಲ. ಬರೀ ಪ್ಲೈವುಡ್ಡಿಗೆ ಸ್ಕ್ರೂ ಹೊಡೆದು ಕೈತೊಳೆದುಕೊಳ್ಳುವವರನ್ನು ನಾನು ನೋಡಿದ್ದೇನೆ. ಇಲ್ಲಿ ಹಾಗಾಗಿಲ್ಲ. ಟಾರ್ಚು ಹಿಡಿದು ವ್ಯಾನಿನ ಕೆಳಗೆ ತೆವಳಿ ನೋಡಿದಾಗ, ಚೌಕಟ್ಟಿನ ಬೋಲ್ಟುಗಳು ತಳದ ತಗಡನ್ನು ದಾಟಿ ಅಂಗೈಯಗಲದ ದಪ್ಪ ಉಕ್ಕಿನ ಪಟ್ಟಿಗಳಿಗೆ ಬಿಗಿಯಾಗಿದ್ದವು. ಪ್ರತಿ ನಟ್ಟಿನಿಂದ ಪಟ್ಟಿಯ ಮೇಲಕ್ಕೆ ಹಳದಿ ಬಣ್ಣದ ಒಂದು ಸಣ್ಣ ಗೆರೆ ಎಳೆದಿದ್ದರು. ನಟ್ಟು ಕೂದಲೆಳೆಯಷ್ಟು ಸಡಿಲವಾಗಿ ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಒಮ್ಮೆ ನಾಯಿಯೊಂದು ದಿಢೀರನೆ ಅಡ್ಡ ಬಂದು, ತುಂಬಿದ ಟ್ಯಾಂಕಿನೊಂದಿಗೆ ಪೂರ್ತಿ ಬ್ರೇಕ್ ಒತ್ತಬೇಕಾಯಿತು. ನಾಲ್ಕು ನೂರು ಕಿಲೋ ನೀರು ನನ್ನ ಬೆನ್ನ ಹಿಂದೆಯೇ ಇತ್ತು. ಆಮೇಲೆ ಇಳಿದು ನೋಡಿದರೆ ಒಂದು ಗೆರೆಯೂ ಕದಲಿರಲಿಲ್ಲ.

ನೀರು ಶುದ್ಧೀಕರಣದ ಭಾಗವೂ ಚೆನ್ನಾಗಿದೆ. ನಲ್ಲಿ ನೀರಿನಲ್ಲಿ ಕರಗಿರುವ ಲವಣಗಳೇ ಗಾಜು ಒಣಗಿದ ಮೇಲೆ ಬಿಳಿ ಕಲೆಗಳಾಗಿ ಉಳಿಯುವುದರಿಂದ, ಒರೆಸದೆ ಹಾಗೇ ಒಣಗಲು ಬಿಡಬೇಕಾದರೆ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ನಮ್ಮಲ್ಲಿಗೆ ಬರುವ ನೀರು 320 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ನೀರಿನಲ್ಲಿ 320 ಭಾಗ ಲವಣ. ಆರ್‌ಒ ಪೊರೆಯನ್ನು ದಾಟಿದಾಗ 14. ಉಳಿದ ಲವಣಗಳನ್ನು ಹೀರಿಕೊಳ್ಳುವ ಕೊನೆಯ ರೆಸಿನ್ ಪಾತ್ರೆಯಿಂದ ಹೊರಬಂದಾಗ ಸೊನ್ನೆ. ಕ್ಲೋರಿನ್ ಪೊರೆಯನ್ನು ಹಾಳು ಮಾಡುತ್ತದೆಂದು ಅದರ ಮುಂದೆ ಇದ್ದಿಲ ಫಿಲ್ಟರನ್ನು ಮರೆಯದೆ ಹಾಕಿದ್ದರು. ಮೀಟರನ್ನು ಮಾತ್ರ ಕೊನೆಯಲ್ಲಷ್ಟೇ ಇಟ್ಟಿದ್ದರಿಂದ, ಪೊರೆಗೂ ರೆಸಿನ್ನಿಗೂ ನಡುವೆ ಇನ್ನೊಂದನ್ನು ನಾನೇ ಕೇಳಿ ಹಾಕಿಸಿಕೊಂಡೆ. ಪೊರೆ ಸೋಲತೊಡಗಿದ್ದು ಮೊದಲೇ ತಿಳಿಯದಿದ್ದರೆ ಆ ಹೊರೆಯೆಲ್ಲ ರೆಸಿನ್ನಿನ ಮೇಲೆ ಬಿದ್ದು ಅದು ಬೇಗ ಮುಗಿದುಹೋಗುತ್ತದೆ.

ವಿದ್ಯುತ್ ಜೋಡಣೆಯಲ್ಲಿ ಮಾತ್ರ ನನಗೆ ನಿಜವಾಗಿ ಬೇಸರವಾಯಿತು. ಪಂಪಿಗೆಂದು ಇಟ್ಟ 110 ಆಂಪಿಯರ್-ಅವರ್ ಬ್ಯಾಟರಿಯ ಲೆಕ್ಕ ಸರಿಯಾಗಿಯೇ ಇದೆ: ಪಂಪು ಸುಮಾರು 6 ಆಂಪಿಯರ್ ಎಳೆದರೂ ಆರು ಗಂಟೆಗೆ 36 ಆಂಪಿಯರ್-ಅವರ್ ಖರ್ಚಾಗುತ್ತದೆ, ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದೆಂಬ ನಿಯಮ ಮುರಿಯುವುದಿಲ್ಲ. ಆದರೆ ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲಿ ಇಡುವ ಬದಲು ಪಂಪಿನ ಬಳಿ ಇಟ್ಟಿದ್ದರು. ನಡುವಿನ ವೈರು ತಗಡಿನ ರಂಧ್ರವೊಂದರಲ್ಲಿ ರಬ್ಬರ್ ಬಳೆಯಿಲ್ಲದೆ ಹಾದುಹೋಗಿತ್ತು. ಮೂರನೆಯ ತಿಂಗಳಲ್ಲಿ ಪೋಲು ತೆಗೆಯುವಾಗ ಕಣ್ಣಿಗೆ ಬಿದ್ದು ನೋಡಿದರೆ, ಕೆಂಪು ಹೊದಿಕೆ ಸವೆದು ಒಂದು ಕಡೆ ತಾಮ್ರ ಮಿನುಗುತ್ತಿತ್ತು. ಅಲ್ಲಿ ಶಾರ್ಟ್ ಆಗಿದ್ದರೆ ತಡೆಯಲು ದಾರಿಯಲ್ಲಿ ಯಾವ ಫ್ಯೂಸೂ ಇರಲಿಲ್ಲ. ವ್ಯಾನು ಹೊತ್ತಿಕೊಳ್ಳಲು ಅಷ್ಟು ಸಾಕು. ಫೋನು ಮಾಡಿದ ಮರುದಿನವೇ ಕರೆಸಿಕೊಂಡು, ಹಣ ಕೇಳದೆ ಸರಿಪಡಿಸಿಕೊಟ್ಟರು, ಕ್ಷಮೆಯನ್ನೂ ಕೇಳಿದರು. ಆದರೂ ಟ್ಯಾಂಕಿನ ಬೋಲ್ಟಿಗೆ ಅಷ್ಟು ಎಚ್ಚರ ವಹಿಸಿದ ಕೈಗಳು ವೈರನ್ನು ಹೀಗೆ ಬಿಟ್ಟದ್ದು ನನಗೆ ಇಂದಿಗೂ ಸರಿ ಕಾಣುವುದಿಲ್ಲ.

100 ಮೀಟರ್ ಪೈಪಿನ ರೀಲನ್ನು ಹಿಂಬಾಗಿಲ ಬಳಿ ಸೊಂಟದ ಎತ್ತರಕ್ಕೆ ಕೂರಿಸಿರುವುದರಿಂದ ದಿನವಿಡೀ ಸುತ್ತಿದರೂ ಬೆನ್ನು ನೋಯುವುದಿಲ್ಲ. ಅದರಿಂದ ತೊಟ್ಟಿಕ್ಕುವ ನೀರು ಹೊರಹೋಗಲು ರಂಧ್ರವಿಲ್ಲದೆ ಬಾಗಿಲ ಅಂಚಿನಲ್ಲಿ ನಿಲ್ಲುತ್ತದೆ; ಸಂಜೆ ಬಟ್ಟೆಯಲ್ಲಿ ಒರೆಸಬೇಕು. ಹೇಳಿದ್ದಕ್ಕಿಂತ ಹತ್ತು ದಿನ ತಡವಾಗಿ ವ್ಯಾನು ಕೈಗೆ ಬಂತು.

ಎರಡನೆಯ ವ್ಯಾನನ್ನೂ ಇವರಿಗೇ ಕೊಡುತ್ತೇನೆ. ಆದರೆ ಈ ಸಲ ವೈರಿಂಗಿನ ನಕ್ಷೆಯನ್ನು ಮೊದಲೇ ಕಾಗದದ ಮೇಲೆ ಬರೆಸಿಕೊಂಡು, ಫ್ಯೂಸಿನ ಜಾಗವನ್ನು ಅದರಲ್ಲಿ ಗುರುತು ಮಾಡಿಸಿದ ಮೇಲೆಯೇ ಮುಂಗಡ ಕೊಡುವೆ.