ಲೆಕ್ಕದ ಪುಸ್ತಕ ಮತ್ತು ಗೂಗಲ್ ಶೀಟ್ಸ್: ಮನೆಯ ಜಮಾ-ಖರ್ಚಿಗೆ ವರ್ಷಗಟ್ಟಲೆ ಬಳಸಿದ ಮೇಲೆ

ನಮ್ಮ ಮನೆಯ ಜಮಾ-ಖರ್ಚು ಎರಡು ಕಡೆ ಇದೆ. ದಿನದ ಖರ್ಚು ಅಡುಗೆಮನೆಯ ಕಪಾಟಿನಲ್ಲಿರುವ ಉದ್ದನೆಯ ಗೆರೆ ಪುಸ್ತಕದಲ್ಲಿ, ತಿಂಗಳ ಮೊತ್ತ ಗೂಗಲ್ ಶೀಟ್ಸ್‌ನಲ್ಲಿ. ನೋಟು ರದ್ದತಿಯ ಮರುವರ್ಷ, 2017ರಲ್ಲಿ ಶುರು ಮಾಡಿದ ಏರ್ಪಾಡು ಇದು. ನಡುವೆ ಖರ್ಚಿನ ಲೆಕ್ಕ ಇಡುವ ಮೊಬೈಲ್ ಆ್ಯಪ್‌ಗಳನ್ನೂ ತಿಂಗಳುಗಟ್ಟಲೆ ಬಳಸಿದ್ದೇನೆ. ಕೊನೆಗೆ ಉಳಿದದ್ದು ಪುಸ್ತಕ ಮತ್ತು ಶೀಟು.

ನಾವು ಮೈಸೂರಿನವರು. ಮನೆಯಲ್ಲಿ ಅತ್ತೆ, ನಾವಿಬ್ಬರು, ಹೈಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ಪತಿಗೆ ತಿಂಗಳ ಸಂಬಳ, ನನಗೆ ಮನೆಪಾಠದಿಂದ ಬರುವ ಅಷ್ಟಿಷ್ಟು ಹಣ. ವಾಸಕ್ಕೆ ಸ್ವಂತ ಮನೆ ಇದೆ, ಬಾಡಿಗೆಯ ಚಿಂತೆ ಇಲ್ಲ. ನಿಮ್ಮ ಪರಿಸ್ಥಿತಿ ಬೇರೆಯಾಗಿದ್ದರೆ ನಾನು ಹೇಳುವುದರಲ್ಲಿ ಒಂದಿಷ್ಟು ಕೂಡಿಸಿ ಕಳೆದು ಓದಿಕೊಳ್ಳಿ.

ಮೊದಲು ಆ್ಯಪ್‌ಗಳ ವಿಷಯ. ಬ್ಯಾಂಕಿನಿಂದ ಬರುವ ಎಸ್‌ಎಂಎಸ್ ಓದಿ ತಾವಾಗಿಯೇ ಲೆಕ್ಕ ಬರೆದುಕೊಳ್ಳುವ ಆ್ಯಪ್‌ಗಳು ಒಂದು ಕಾಲಕ್ಕೆ ನಿಜವಾಗಿಯೂ ಅನುಕೂಲವಾಗಿದ್ದವು. ಆಗ ಕಾರ್ಡು ಉಜ್ಜುತ್ತಿದ್ದದ್ದು ದೊಡ್ಡ ಅಂಗಡಿಗಳಲ್ಲಿ ಮಾತ್ರ, ತಿಂಗಳಿಗೆ ಹತ್ತಿಪ್ಪತ್ತು ಸಂದೇಶ ಬಂದರೆ ಹೆಚ್ಚು. ಈಗ ಎಳನೀರಿನಿಂದ ಹಿಡಿದು ಆಟೋದವರೆಗೆ ಎಲ್ಲವೂ ಯುಪಿಐ. ಸೊಪ್ಪಿನವರ ಕ್ಯೂಆರ್ ಕೋಡು ಅವರ ಮಗನ ಹೆಸರಿನಲ್ಲಿರುತ್ತದೆ, ಹೂವಿನವರದು ಅಳಿಯನ ಹೆಸರಿನಲ್ಲಿ. ತಿಂಗಳ ಕೊನೆಗೆ ಆ್ಯಪ್ ತೆರೆದರೆ ಯಾರು ಯಾರದೋ ಹೆಸರು, ಅದರ ಮುಂದೊಂದು ಮೊತ್ತ. ಹಣ ಯಾರ ಕೈ ಸೇರಿತು ಎಂಬುದು ಅಲ್ಲಿ ಇದೆ, ಯಾತಕ್ಕೆ ಹೋಯಿತು ಎಂಬುದು ಇಲ್ಲ. ಮನೆ ನಡೆಸುವವರಿಗೆ ಬೇಕಾದದ್ದು ಎರಡನೆಯದು.

ಇದರ ಜೊತೆಗೆ ಇನ್ನೊಂದು ತೊಡಕು. ಸಣ್ಣ ಮೊತ್ತದ ಯುಪಿಐ ಪಾವತಿಗೆ ಎಸ್‌ಎಂಎಸ್ ಕಳುಹಿಸುವುದನ್ನೇ ನಿಲ್ಲಿಸಿದ ಬ್ಯಾಂಕುಗಳಿವೆ. ಯುಪಿಐ ಲೈಟ್ ಬಳಸಿದರೆ ಲೈಟ್‌ಗೆ ಹಣ ತುಂಬಿಸಿದ್ದು ಮಾತ್ರ ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ. ಅದರಿಂದ ಕೊಟ್ಟ ಹತ್ತು, ಇಪ್ಪತ್ತು, ಐವತ್ತುಗಳು ಕಾಣುವುದಿಲ್ಲ. ಬ್ಯಾಂಕಿನ ದೃಷ್ಟಿಯಿಂದ ಇದು ಸರಿಯಾದ ವ್ಯವಸ್ಥೆಯೇ. ಆದರೆ ಎಸ್‌ಎಂಎಸ್ ನಂಬಿಕೊಂಡ ಆ್ಯಪ್‌ಗೆ ಮನೆಯ ಚಿಲ್ಲರೆ ಖರ್ಚು ಕಣ್ಣಿಗೆ ಬೀಳುವುದೇ ಇಲ್ಲ. ಜೊತೆಗೆ, ನಾನು ಬಳಸಿದ ಒಂದು ಆ್ಯಪ್‌ನಲ್ಲಿ ಲೆಕ್ಕ ನೋಡಲು ಹೋದಾಗಲೆಲ್ಲ ಸಾಲ ಬೇಕೇ ಎಂಬ ಜಾಹೀರಾತು ಎದುರಾಗುತ್ತಿತ್ತು. ಖರ್ಚು ಹಿಡಿತಕ್ಕೆ ತರಲು ಕುಳಿತವರ ಮುಂದೆ ಸಾಲದ ತಟ್ಟೆ ಹಿಡಿಯುವುದು ನನಗೆ ಸರಿ ಕಾಣಲಿಲ್ಲ. ಅದನ್ನು ತೆಗೆದು ಹಾಕಿದೆ.

ಇನ್ನು ಪುಸ್ತಕ. ಯಾವ ಸ್ಟೇಷನರಿ ಅಂಗಡಿಯಲ್ಲಾದರೂ ಸಿಗುವ, ಉದ್ದನೆಯ, 200 ಪುಟಗಳ, ಗಟ್ಟಿ ರಟ್ಟಿನ ಪುಸ್ತಕ ಸಾಕು. ಅಚ್ಚಾದ ಬಜೆಟ್ ಡೈರಿಗಳೂ ಬರುತ್ತವೆ. ಅವುಗಳಲ್ಲಿ ದಿನಕ್ಕೆ ಇಷ್ಟೇ ಜಾಗ ಎಂದು ಇರುವುದರಿಂದ ಹಬ್ಬದ ಹಿಂದಿನ ದಿನ ಜಾಗ ಸಾಲುವುದಿಲ್ಲ, ಉಳಿದ ದಿನ ಹಾಳೆ ಖಾಲಿ. ನಾನು ಸ್ಕೇಲಿಟ್ಟು ಐದು ಕಲಂ ಗೆರೆ ಹಾಕುತ್ತೇನೆ: ತಾರೀಖು, ವಿವರ, ಬಾಬ್ತು (ಖರ್ಚಿನ ವಿಭಾಗ), ನಗದೋ ಫೋನೋ, ಮೊತ್ತ. ಪುಟದ ತಲೆಯಲ್ಲಿ ಆರಂಭದ ಶಿಲ್ಕು (ಕೈಯಲ್ಲಿರುವ ಹಣ), ಬುಡದಲ್ಲಿ ಆಖೈರು ಶಿಲ್ಕು. ಹೊಸ ಪುಸ್ತಕ ಏಪ್ರಿಲ್ 1ಕ್ಕೆ. ಆದಾಯ ತೆರಿಗೆಯ ವರ್ಷ, ಶಾಲೆಯ ವರ್ಷ, ಯುಗಾದಿ ಎಲ್ಲವೂ ಆ ಆಸುಪಾಸಿನಲ್ಲೇ ಬರುವುದರಿಂದ ಜನವರಿಗಿಂತ ಏಪ್ರಿಲ್ ನಮ್ಮ ಮನೆಗಳಿಗೆ ಹೊಂದುತ್ತದೆ.

ಬಾಬ್ತುಗಳನ್ನು ಒಂಬತ್ತಕ್ಕೆ ನಿಲ್ಲಿಸಿದ್ದೇನೆ. ಹಾಲು, ದಿನಸಿ, ಸೊಪ್ಪು-ತರಕಾರಿ-ಹಣ್ಣು, ಗ್ಯಾಸು-ಕರೆಂಟು-ನೀರು-ಫೋನು, ಓಡಾಟ, ಔಷಧ, ಮಕ್ಕಳು, ಕೈಖರ್ಚು, ಇತರೆ. ಆ್ಯಪ್‌ಗಳಲ್ಲಿ ಮೂವತ್ತು ನಲವತ್ತು ವಿಭಾಗಗಳು ಇರುತ್ತವೆ, ಒಂದು ಹೇರ್‌ಪಿನ್ನು ಯಾವುದಕ್ಕೆ ಸೇರುತ್ತದೆ ಎಂದು ಯೋಚಿಸುವುದರಲ್ಲೇ ಸಂಜೆ ಕಳೆಯುತ್ತದೆ. ಒಂಬತ್ತಾದರೆ ಕೈ ತಾನಾಗಿ ಓಡುತ್ತದೆ. ಒಂದು ನಿಯಮ ಮಾತ್ರ ಇಟ್ಟುಕೊಂಡಿದ್ದೇನೆ: ‘ಇತರೆ’ ತಿಂಗಳ ಖರ್ಚಿನ ಹತ್ತನೇ ಒಂದು ಭಾಗ ದಾಟಿದರೆ ಅದರೊಳಗೆ ಏನಿದೆ ಎಂದು ಬಿಡಿಸಿ ನೋಡುವುದು.

ಬರೆಯುವುದು ರಾತ್ರಿ ಊಟದ ಪಾತ್ರೆ ಎತ್ತಿದ ಮೇಲೆ. ಫೋನಿನಲ್ಲಿ ಆ ದಿನದ ಪಾವತಿಗಳ ಪಟ್ಟಿ ತೆರೆದಿಟ್ಟುಕೊಂಡು, ಪರ್ಸಿನಲ್ಲಿರುವ ನಗದು ಎಣಿಸಿ, ಬರೆದು ಮುಗಿಸಲು ಐದಾರು ನಿಮಿಷ. ವಿವರದ ಕಲಂನಲ್ಲಿ ಅಂಗಡಿಯ ಹೆಸರಿಗಿಂತ ಪದಾರ್ಥ ಮತ್ತು ತೂಕ ಬರೆಯುವುದು ಮುಖ್ಯ. ಇದರ ಬೆಲೆ ಗೊತ್ತಾಗುವುದು ವರ್ಷಗಳ ನಂತರ. 2023ರ ಜುಲೈ ಪುಟಗಳನ್ನು ಈಗ ತೆರೆದರೆ, ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದ ಆ ದಿನಗಳು ಸಾಲು ಸಾಲಾಗಿ ಕಾಣುತ್ತವೆ. ಅದಕ್ಕೆ ಮುಂಚೆ ಎರಡು ಕಿಲೋ ಎಂದು ಇದ್ದ ಕಡೆ ಕಾಲು ಕಿಲೋ ಎಂದಿದೆ, ಹುಣಸೆಹಣ್ಣು ಒಂದೇ ತಿಂಗಳಲ್ಲಿ ಎರಡು ಸಲ ಬಂದಿದೆ. ತರಕಾರಿ ಬಾಬ್ತಿನ ಮೊತ್ತ ಮಾತ್ರ ಹೆಚ್ಚುಕಡಿಮೆ ಹಾಗೆಯೇ ನಿಂತಿದೆ. ಬೆಲೆ ಏರಿದಾಗ ನಮ್ಮ ಅಡುಗೆ ಹೇಗೆ ಬಾಗಿತು ಎಂಬುದನ್ನು ಬ್ಯಾಂಕಿನ ಯಾವ ಕಾಗದವೂ ತೋರಿಸಲಾರದು.

ಹಾಲಿನದು ಇನ್ನೂ ಸ್ಪಷ್ಟ ಉದಾಹರಣೆ. 2024ರ ಜೂನ್‌ನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಹೆಚ್ಚು ಹಾಲು ತುಂಬಿ 2 ರೂಪಾಯಿ ಏರಿಸಿದರು. 2025ರ ಏಪ್ರಿಲ್ 1ರಿಂದ ಲೀಟರಿಗೆ 4 ರೂಪಾಯಿ ಏರಿತು, ಪ್ಯಾಕೆಟ್ಟು ಹಳೆಯ ಅಳತೆಗೆ ಮರಳಿತು. ದಿನಕ್ಕೆ ಎರಡು ಲೀಟರ್ ಹಾಕಿಸಿಕೊಳ್ಳುವ ಮನೆಗೆ ಲೀಟರಿಗೆ 4 ಎಂದರೆ ತಿಂಗಳಿಗೆ 240 ರೂಪಾಯಿ. ಹಾಲು ಉತ್ಪಾದಿಸುವ ರೈತರ ಕೈಗೆ ಹೆಚ್ಚು ಸಿಗಲಿ ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಆ 240 ಎಲ್ಲಿಂದ ಬರಬೇಕು ಎಂದು ನಾವು ಆ ತಿಂಗಳೇ ಕುಳಿತು ಮಾತನಾಡಲು ಸಾಧ್ಯವಾದದ್ದು ಹಾಲಿಗೆ ಬೇರೆ ಬಾಬ್ತು ಇದ್ದದ್ದರಿಂದ.

ಪುಸ್ತಕದ ಹಿಂದಿನ ಪುಟಗಳಲ್ಲಿ ಹಣವಲ್ಲದ ಲೆಕ್ಕಗಳಿವೆ. ಗ್ಯಾಸ್ ಸಿಲಿಂಡರ್ ಹಚ್ಚಿದ ತಾರೀಖು ಬರೆದಿಡುತ್ತೇನೆ, 14.2 ಕೆಜಿ ನಮ್ಮಲ್ಲಿ ಎಷ್ಟು ದಿನ ಬರುತ್ತದೆ ಎಂದು ಗೊತ್ತಿದ್ದರೆ ಮುಂದಿನದನ್ನು ಯಾವ ವಾರ ಕಾಯ್ದಿರಿಸಬೇಕು ಎಂದು ಗೊತ್ತಾಗುತ್ತದೆ, ಬೇಗ ಮುಗಿದರೆ ಬರ್ನರ್ ನೋಡಬೇಕು ಎಂದೂ ತಿಳಿಯುತ್ತದೆ. ಕರೆಂಟಿನ ಮೀಟರ್ ಓದು ಕೂಡ ಅಲ್ಲೇ. ಗೃಹಜ್ಯೋತಿಯಲ್ಲಿ ಪ್ರತಿ ಮನೆಗೂ ಹಿಂದಿನ ಬಳಕೆಯ ಸರಾಸರಿ ನೋಡಿ ಉಚಿತ ಯೂನಿಟ್ಟಿನ ಮಿತಿ ಕೊಟ್ಟಿದ್ದಾರೆ. ಆ ಮಿತಿ ಮೀರಿದರೆ ಹೆಚ್ಚುವರಿಗೆ ಮಾತ್ರ ಹಣ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಬೇಸಿಗೆಯಲ್ಲಿ ತಿಂಗಳ ಮಧ್ಯೆ ಒಮ್ಮೆ ಮೀಟರ್ ನೋಡಿ ಬರೆದರೆ ಕೊನೆಯ ವಾರದಲ್ಲಿ ಗೀಸರ್ ಬಳಕೆಯನ್ನು ಹಿಡಿಯಬಹುದು. ಮುಯ್ಯಿಗೆ ಒಂದು ಪುಟ: ಯಾರ ಮನೆಯ ಮದುವೆಗೆ ಎಷ್ಟು ಹಾಕಿದೆವು, ನಮಗೆ ಯಾರು ಎಷ್ಟು ಹಾಕಿದ್ದರು. ಅತ್ತೆಯವರು ಮದುವೆ ಕರೆಯೋಲೆ ಬಂದ ಕೂಡಲೇ ಕನ್ನಡಕ ಹಾಕಿಕೊಂಡು ತೆರೆಯುವುದು ಈ ಪುಟವನ್ನೇ.

ಈಗ ಗೂಗಲ್ ಶೀಟ್ಸ್. ಪುಸ್ತಕ ದಿನವನ್ನು ತೋರಿಸುತ್ತದೆ, ವರ್ಷವನ್ನು ತೋರಿಸಲು ಅದಕ್ಕೆ ಕಷ್ಟ. ತಿಂಗಳ ಕೊನೆಯ ಭಾನುವಾರ ಒಂಬತ್ತು ಬಾಬ್ತುಗಳ ಮೊತ್ತ ಕೂಡಿ, ಒಂಬತ್ತೇ ಅಂಕಿಗಳನ್ನು ಶೀಟಿಗೆ ಏರಿಸುತ್ತೇವೆ. ಅಡ್ಡಕ್ಕೆ ಹನ್ನೆರಡು ತಿಂಗಳು, ಉದ್ದಕ್ಕೆ ಬಾಬ್ತು. ಉಚಿತ, ಜಾಹೀರಾತಿಲ್ಲ, ಪತಿಯ ಫೋನಿನಲ್ಲೂ ನನ್ನ ಫೋನಿನಲ್ಲೂ ಒಂದೇ ಹಾಳೆ ತೆರೆಯುತ್ತದೆ, ಯಾರು ಯಾವಾಗ ಏನು ಬದಲಿಸಿದರು ಎಂದು ಹಿಂದಿನ ಆವೃತ್ತಿಗಳಲ್ಲಿ ನೋಡಬಹುದು. ಇಷ್ಟಕ್ಕೆ ಪೂರ್ಣ ಅಂಕ.

ಕನ್ನಡದಲ್ಲಿ ಬರೆಯುವವರು ಒಂದು ವಿಷಯ ಗಮನಿಸಬೇಕು. ದಿನದ ಖರ್ಚನ್ನೂ ಶೀಟಿನಲ್ಲೇ ಬರೆದು, ಬಾಬ್ತಿನ ಹೆಸರು ನೋಡಿ ತಾನೇ ಕೂಡುವ ಸಮ್‌ಇಫ್ ಸೂತ್ರ ಹಾಕಿದರೆ, ಅಕ್ಷರ ಅಕ್ಷರ ಹೊಂದಿದರೆ ಮಾತ್ರ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ‘ಎಲ್‌ಐಸಿ’ ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಒಂದು ಬಿಡಿಸುವ ಚಿಹ್ನೆ ಒಂದು ಕೀಲಿಮಣೆಯಲ್ಲಿ ಸೇರುತ್ತದೆ, ಇನ್ನೊಂದರಲ್ಲಿ ಸೇರುವುದಿಲ್ಲ. ನೋಡಲು ಎರಡೂ ಒಂದೇ, ಶೀಟಿಗೆ ಬೇರೆ ಬೇರೆ. ಇಬ್ಬರು ಎರಡು ಫೋನಿನಿಂದ ಬರೆದರೆ ಮೊತ್ತದಲ್ಲಿ ಕೆಲವು ಸಾಲುಗಳು ಸದ್ದಿಲ್ಲದೆ ಬಿಟ್ಟುಹೋಗುತ್ತವೆ. ಪರಿಹಾರ ಸುಲಭ: ಬಾಬ್ತಿನ ಕಲಂಗೆ ಡ್ರಾಪ್‌ಡೌನ್ ಪಟ್ಟಿ ಹಾಕಿ, ಬೆರಳಚ್ಚಿಸುವ ಬದಲು ಆರಿಸಿಕೊಳ್ಳಿ.

ಈ ಇಡೀ ಏರ್ಪಾಡಿನಲ್ಲಿ ನಮಗೆ ನಿಜವಾಗಿ ಉಸಿರಾಡಲು ಬಿಟ್ಟದ್ದು ಶೀಟಿನ ಎರಡನೇ ಪುಟ. ಅದರಲ್ಲಿ ವರ್ಷಕ್ಕೊಮ್ಮೆ ಬರುವ ಖರ್ಚುಗಳು ಮಾತ್ರ ಇವೆ. ಮನೆಯ ಬಜೆಟ್ ಕುಸಿಯುವುದು ಕಾಫಿ ತಿಂಡಿಯಿಂದ ಎಂದು ಬಹಳ ಜನ ಹೇಳುತ್ತಾರೆ. ನಮ್ಮ ಹಳೆಯ ಪುಟಗಳನ್ನು ತಿರುವಿದರೆ ಕಷ್ಟದ ತಿಂಗಳುಗಳೆಲ್ಲ ಜೂನ್, ಸೆಪ್ಟೆಂಬರ್ ಮತ್ತು ವಿಮೆ ಕಂತಿನ ತಿಂಗಳೇ ಆಗಿವೆ. ಮೊದಲೇ ಗೊತ್ತಿರುವ ಖರ್ಚು, ಗೊತ್ತಿರುವ ತಾರೀಖು, ಆದರೂ ಆ ತಿಂಗಳ ಸಂಬಳದ ಮೇಲೆಯೇ ಪೂರ್ತಿ ಭಾರ. ಆದ್ದರಿಂದ ಹೀಗೆ ಬರೆದೆವು: ಮಕ್ಕಳ ಶಾಲಾ ಶುಲ್ಕ 70,000, ಜೀವ ವಿಮೆ 24,000, ಆರೋಗ್ಯ ವಿಮೆ 22,000, ಸ್ಕೂಟರಿನ ವಿಮೆ ಮತ್ತು ಸರ್ವಿಸ್ 6,000, ಮನೆ ಕಂದಾಯ 4,000, ಹಬ್ಬ ಮತ್ತು ಮುಯ್ಯಿ 30,000. ಒಟ್ಟು 1,56,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 13,000.

ಈ 13,000 ಸಂಬಳ ಬಂದ ದಿನವೇ ಇನ್ನೊಂದು ಉಳಿತಾಯ ಖಾತೆಗೆ ತಾನಾಗಿ ಹೋಗುತ್ತದೆ. ಆ ಖಾತೆಯನ್ನು ಯುಪಿಐಗೆ ಜೋಡಿಸಿಲ್ಲ, ಅದರ ಡೆಬಿಟ್ ಕಾರ್ಡು ಬೀರುವಿನಲ್ಲಿದೆ. ಹಣ ಅಲ್ಲಿರುವುದರಿಂದ ಮನೆ ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿ ಶೇ 5 ರಿಯಾಯಿತಿ ಪಡೆಯುತ್ತೇವೆ, ವಿಮೆಯನ್ನು ತಿಂಗಳ ಕಂತಿನ ಬದಲು ವಾರ್ಷಿಕವಾಗಿ ಕಟ್ಟುತ್ತೇವೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18 ಜಿಎಸ್‌ಟಿ ತೆಗೆದಾಗ ಆ ಸಾಲಿನ ಅಂಕಿಯನ್ನು ತಿದ್ದಲು ಒಂದು ನಿಮಿಷ ಸಾಕಾಯಿತು. ಉಳಿದದ್ದು ಹಬ್ಬದ ಸಾಲಿಗೆ ಹೋಯಿತು. ನೀವು ಪುಸ್ತಕ ಬರೆಯದಿದ್ದರೂ ಚಿಂತೆಯಿಲ್ಲ, ಈ ಒಂದು ಪಟ್ಟಿಯನ್ನು ದಯವಿಟ್ಟು ಮಾಡಿ.

ಆದಾಯದಲ್ಲಿ ಇಷ್ಟು ಶೇಕಡ ಅಗತ್ಯಕ್ಕೆ, ಇಷ್ಟು ಇಷ್ಟಕ್ಕೆ, ಇಷ್ಟು ಉಳಿತಾಯಕ್ಕೆ ಎಂಬ ಸೂತ್ರಗಳನ್ನೂ ನೋಡಿದ್ದೇನೆ. ವಯಸ್ಸಾದವರ ಔಷಧ, ಊರಿನ ಜಾತ್ರೆ, ತಂಗಿಯ ಬಾಣಂತನ ಇರುವ ಮನೆಗೆ ಅವು ಒಗ್ಗುವುದಿಲ್ಲ.

ಕೊರತೆಗಳಿಗೆ ಬರುತ್ತೇನೆ. ಪ್ರವಾಸಕ್ಕೆ ಹೋದಾಗ, ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ ಪುಸ್ತಕ ನಿಂತುಹೋಗುತ್ತದೆ. ಆಗ ಹಿಂದಿನದನ್ನು ನೆನಪಿನಿಂದ ತುಂಬಿಸಲು ಹೋಗದೆ, ಶಿಲ್ಕಿನ ವ್ಯತ್ಯಾಸವನ್ನು ಒಂದೇ ಸಾಲಿನಲ್ಲಿ ಬರೆದು ಮುಂದುವರಿಯುವುದು ಒಳ್ಳೆಯದು. ಪುಸ್ತಕಕ್ಕೆ ನಕಲು ಇಲ್ಲ, ಆದ್ದರಿಂದ ತಿಂಗಳ ಕೊನೆಗೆ ಪುಟಗಳ ಫೋಟೊ ತೆಗೆದಿಡುತ್ತೇನೆ. ಕ್ರೆಡಿಟ್ ಕಾರ್ಡ್ ಖರ್ಚನ್ನು ಕೊಂಡ ದಿನವೇ ಬರೆಯಬೇಕು, ಬಿಲ್ಲು ಕಟ್ಟಿದ ದಿನ ಬರೆಯಬಾರದು. ಇಲ್ಲವಾದರೆ ಒಂದೇ ಖರ್ಚು ಎರಡು ಸಲ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಬೇರೆ. ಲೆಕ್ಕದ ಪುಸ್ತಕ ಮನೆಯವರನ್ನು ವಿಚಾರಿಸುವ ಪುಸ್ತಕವಾಗಿಬಿಡಬಹುದು. ಒಮ್ಮೆ ಅತ್ತೆಯವರು ಪುಟ ತಿರುವುತ್ತಾ, “ನೋಡಮ್ಮ, ಈ ತಿಂಗಳು ನನ್ನ ಔಷಧಕ್ಕೇ ಇಷ್ಟಾಗಿದೆ, ಆ ಕಾಲುನೋವಿನ ಎಣ್ಣೆ ಬೇಡ ಬಿಡು” ಎಂದರು. “ಅತ್ತೆ, ಇದು ಯಾರಿಂದ ಎಷ್ಟು ಎಂದು ನೋಡುವುದಕ್ಕಲ್ಲ, ನಿಮ್ಮ ಔಷಧಕ್ಕೆ ಮೊದಲೇ ಹಣ ಎತ್ತಿಡುವುದಕ್ಕೆ” ಎಂದೆ. ಅಂದಿನಿಂದ ವಿವರದ ಕಲಂನಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಕೈಖರ್ಚಿನ ಬಾಬ್ತಿನಲ್ಲಿ ಅತ್ತೆಗೂ ಮಕ್ಕಳಿಗೂ ಸೇರಿದಂತೆ ಪ್ರತಿಯೊಬ್ಬರಿಗೂ ತಿಂಗಳಿಗೆ ಒಂದು ಮೊತ್ತ ಇದೆ. ಅದನ್ನು ಏನು ಮಾಡಿದಿರಿ ಎಂದು ಯಾರೂ ಯಾರನ್ನೂ ಕೇಳುವಂತಿಲ್ಲ. ಈ ಬಾಬ್ತು ಇಲ್ಲದೆ ಪುಸ್ತಕ ಇಷ್ಟು ವರ್ಷ ನಡೆಯುತ್ತಿತ್ತು ಎಂದು ನನಗೆ ಅನಿಸುವುದಿಲ್ಲ.

ತಿಂಗಳ ಸಂಬಳದ ಮನೆಗಳಿಗೆ, ಪಿಂಚಣಿದಾರರಿಗೆ ಈ ಏರ್ಪಾಡನ್ನು ಧೈರ್ಯವಾಗಿ ಹೇಳುತ್ತೇನೆ. ಸ್ನೇಹಿತರೊಡನೆ ಕೊಠಡಿ ಹಂಚಿಕೊಂಡವರಿಗೆ ಪಾಲು ಲೆಕ್ಕ ಹಾಕುವ ಆ್ಯಪೇ ಅನುಕೂಲ. ಅಡಿಕೆ, ಕಾಫಿ, ಕಬ್ಬಿನಂತೆ ವರ್ಷಕ್ಕೆ ಒಂದೆರಡು ಸಲ ಹಣ ಬರುವ ಮನೆಗಳು ತಿಂಗಳ ಮೊತ್ತದಿಂದ ಶುರು ಮಾಡುವುದು ಬೇಡ. ಅವರು ಮೊದಲು ವಾರ್ಷಿಕ ಪಟ್ಟಿ ಮಾಡಿ, ಬೆಳೆಯ ಹಣ ಬಂದ ದಿನವೇ ಅಷ್ಟನ್ನು ಬೇರೆ ಖಾತೆಗೆ ಹಾಕಿ, ಉಳಿದದ್ದನ್ನು ಮುಂದಿನ ಕೊಯ್ಲಿನ ತನಕದ ತಿಂಗಳುಗಳಿಗೆ ಹಂಚಿಕೊಳ್ಳಬೇಕು. ದಿನದ ಪುಸ್ತಕ ಆಮೇಲೆ ಬರಲಿ.